ಸ್ವೀಡನ್ನಿಗೆ ಹೋಗಿಬಂದ ಸ್ಟೌವು

ಉಪ್ಪಾರಹಳ್ಳಿ

ವಿದೇಶಕ್ಕೆ ಹೋದವರು ಏನಾದರೊಂದು ದೊಡ್ಡದನ್ನು ನೋಡಿಕೊಂಡು ಬಂದಿರುತ್ತಾರೆ. ಗೋಪುರ, ಹಿಮದ ಬೆಟ್ಟ, ಸಮುದ್ರ. ನಾನು ಸ್ವೀಡನ್ನಿನವರೆಗೆ ಹೋಗಿ ಒಂದು ತೊಟ್ಟಿ ನೀರು ನೋಡಿಕೊಂಡು ಬಂದೆ. ಅಸಲಿಗೆ ನಾನು ಅಷ್ಟು ದೂರ ಹೋಗುವಂಥ ಆಸಾಮಿಯೇ ಅಲ್ಲ. ತುಮಕೂರಿನಿಂದ ಕುಣಿಗಲ್ ಬಸ್ಸು ಹತ್ತಿದರೂ ಮನೆಯ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಹೆಬ್ಬೂರು ದಾಟುವವರೆಗೆ ಯೋಚಿಸುತ್ತೇನೆ. ಹೆಬ್ಬೂರು ದಾಟಿದ ಮೇಲೆ, ಬಾಗಿಲು ಹಾಕಿದೆನೋ ಇಲ್ಲವೋ ಎಂದು.

ವಯಸ್ಸು ಐವತ್ತೊಂದು. ಕ್ಯಾತ್ಸಂದ್ರದ ಕಡೆ ಒಂದು ಐಟಿಐನಲ್ಲಿ ಫಿಟ್ಟರ್ ಕೆಲಸ ಕಲಿಸುತ್ತೇನೆ. ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಒಂದು ಕೋಣೆ ಪೂರ್ತಿ ಹಳೆಯ ಸಾಮಾನು. ಇದ್ದಿಲಿನ ಇಸ್ತ್ರಿಪೆಟ್ಟಿಗೆಗಳು, ವಾಲ್ವ್ ರೇಡಿಯೊಗಳು, ಕೈಯಲ್ಲಿ ತಿರುಗಿಸುವ ಕಾಫಿಬೀಜದ ಯಂತ್ರ, ಒಮ್ಮೆ ಶುರುವಾದರೆ ಸ್ವಿಚ್ಚಿಗೂ ಬಗ್ಗದ ಒಂದು ಮಿಕ್ಸಿ. ಇವೆಲ್ಲಕ್ಕಿಂತ ಹೆಚ್ಚಾಗಿ ಸೀಮೆಎಣ್ಣೆಯ ಹಿತ್ತಾಳೆ ಪಂಪ್ ಸ್ಟೌವುಗಳು. ಗುಜರಿಯವನು ನಮ್ಮ ಬಾಗಿಲಿಗೆ ಬಂದರೆ ಕೊಳ್ಳಲು ಬಂದನೋ ಮಾರಲು ಬಂದನೋ ಅವನಿಗೇ ತಿಳಿಯುವುದಿಲ್ಲ ಎಂದು ನನ್ನ ಹೆಂಡತಿ ಗಿರಿಜ ನೆಂಟರ ಮುಂದೆ ಹೇಳುತ್ತಾಳೆ. ಅದು ನಿಜ.

ಇದರಿಂದ ಏನು ಸಿಗುತ್ತದೆ ಎಂದು ಬಹಳ ಜನ ಕೇಳಿದ್ದಾರೆ. ನನಗೆ ತೋಚುವ ಉತ್ತರ ಇಷ್ಟೇ: ಹಳೆಯದನ್ನು ಬಿಚ್ಚಬಹುದು. ಈಗಿನ ಯಂತ್ರಗಳನ್ನು ಅಂಟು ಹಾಕಿ ಮುಚ್ಚಿರುತ್ತಾರೆ, ಕೆಟ್ಟರೆ ಎಸೆಯಬೇಕು. ಹಳೆಯದರ ತಿರುಪು ಕಳಚಿದರೆ ಒಳಗೆ ಯಾರದೋ ಕೈಯ ಗುರುತು ಇರುತ್ತದೆ. ಮೊಳೆ ಸಿಗದೆ ಸೈಕಲ್ ಕಡ್ಡಿ ತುಂಡು ಹಾಕಿರುತ್ತಾರೆ. ಹಿಡಿ ಬಲಗಡೆ ಮಾತ್ರ ಸವೆದಿದ್ದರೆ, ಅದನ್ನು ಹಿಡಿದ ಹೆಂಗಸು ಯಾವ ಕಡೆ ತಿರುಗಿ ಕೂರುತ್ತಿದ್ದಳು ಎಂದು ಗೊತ್ತಾಗುತ್ತದೆ. ಹೆಸರು ಗೊತ್ತಿಲ್ಲದ ಮನೆಯ ಅಡುಗೆಕೋಣೆಯಲ್ಲಿ ನಾಲ್ಕು ನಿಮಿಷ ನಿಂತು ಬಂದ ಹಾಗೆ. ಹೀಗೆ ನೂರಾರು ಬಿಚ್ಚಿದ್ದೇನೆ. ಒಂದನ್ನು ಬಿಚ್ಚಿರಲಿಲ್ಲ. ಅದನ್ನು ಹಳೆಯ ಪಂಚೆಯಲ್ಲಿ ಮೂರು ಸುತ್ತು ಸುತ್ತಿ, ಗಂಟು ಹಾಕಿ, ಅಟ್ಟದ ಮೇಲೆ ಇಟ್ಟಿದ್ದೆ. ಒಂಬತ್ತು ವರ್ಷ ಆ ಗಂಟು ಮುಟ್ಟಿರಲಿಲ್ಲ.

ಪಂಪ್ ಸ್ಟೌವ್ ಸಂಗ್ರಹಿಸುವವರು ಪ್ರಪಂಚದಲ್ಲಿ ಬೇಕಾದಷ್ಟು ಜನ ಇದ್ದಾರೆ. ಫೋನಿನಲ್ಲಿ ಅವರದೊಂದು ಗುಂಪು. ಅವರು ವರ್ಷಕ್ಕೊಮ್ಮೆ ಸ್ವೀಡನ್ನಿನ ಒಂದು ಹಳ್ಳಿಯಲ್ಲಿ ಸೇರುತ್ತಾರೆ. ಒಂದು ಸ್ಟೌವ್ ತೆಗೆದುಕೊಂಡು ಬಾ, ನಮ್ಮ ಮನೆಯಲ್ಲೇ ಇರು ಎಂದು ಬಿರ್ಗಿತ್ ಎಂಬ ಎಂಬತ್ತರ ಹತ್ತಿರದ ಹೆಂಗಸು ಬರೆದಳು. ವೀಸಾದ ಕಥೆ ಇಲ್ಲಿ ಬೇಡ. ಅದನ್ನು ಹೇಳಲು ಕುಳಿತರೆ ವಿಮಾನ ಹೊರಡುವುದೇ ಇಲ್ಲ.

ವಿಮಾನ ನಿಲ್ದಾಣ

ಚಿಂತೆ ಮಾಡುವವನ ಕಷ್ಟವೆಂದರೆ ಅವನು ಎಂದೂ ಸರಿಯಾದ ವಿಷಯಕ್ಕೆ ಚಿಂತೆ ಮಾಡುವುದಿಲ್ಲ. ಸ್ಟೌವನ್ನು ಬಾಂಬ್ ಅಂದುಕೊಂಡರೆ ತೋರಿಸಲು ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿಕೊಂಡಿದ್ದೆ. ಹೊಳೆಯುವ ಹಾಗೆ ತಿಕ್ಕಿದ ಒಂದು ಸ್ಟೌವನ್ನು ಆರಿಸಿ, ತೊಳೆದು, ಎಣ್ಣೆಯ ವಾಸನೆ ಹೋಗುವವರೆಗೆ ಬಿಸಿಲಿಗಿಟ್ಟು, ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಕೂರಿಸಿದ್ದೆ. ಪತ್ರವನ್ನು ಯಾರೂ ಕೇಳಲಿಲ್ಲ. ಪೆಟ್ಟಿಗೆ ಬೆಲ್ಟಿನ ಮೇಲೆ ಹತ್ತಿ ಒಳಗೆ ಹೋಯಿತು. ನನ್ನನ್ನೂ ಯಾರೂ ಏನೂ ಕೇಳಲಿಲ್ಲ.

ಕೇಳಿದ್ದು ಸ್ಟಾಕ್‌ಹೋಮಿನಲ್ಲಿ, ಅದೂ ಕೈಚೀಲದಲ್ಲಿದ್ದ ವಿಭೂತಿ ಗಟ್ಟಿಯನ್ನು ಕಂಡು. ಬಿಳಿ ಪುಡಿ. ಅದರ ಬಗ್ಗೆ ನಾನು ಒಂದು ಕ್ಷಣವೂ ಯೋಚಿಸಿರಲಿಲ್ಲ. ಸಮವಸ್ತ್ರದ ಹುಡುಗಿ ಅದನ್ನು ಬೆರಳಲ್ಲಿ ಮುಟ್ಟಿ ಇದೇನು ಎಂದಳು. ಹಸುವಿನ ಸಗಣಿ ಸುಟ್ಟ ಬೂದಿ ಎಂದೆ. ಹೇಳಿದ ಮೇಲೆ, ಇದಕ್ಕಿಂತ ಬೇರೆ ಏನು ಹೇಳಿದ್ದರೂ ವಾಸಿಯಿತ್ತು ಅನ್ನಿಸಿತು. ಅವಳು ನನ್ನ ಹಣೆ ನೋಡಿದಳು. ಆಮೇಲೆ, ಚಳಿಗಾಲದಲ್ಲಿ ತನ್ನ ಅಜ್ಜಿ ಮೆಟ್ಟಿಲ ಮೇಲೆ ಬೂದಿ ಚೆಲ್ಲುತ್ತಿದ್ದಳು, ಜನ ಜಾರಿ ಬೀಳದಿರಲೆಂದು, ಅಂದು ಗಟ್ಟಿಯನ್ನು ವಾಪಸು ಕೊಟ್ಟಳು. ನಮ್ಮಲ್ಲೂ ಹೆಚ್ಚುಕಡಿಮೆ ಅದಕ್ಕೇ ಹಚ್ಚಿಕೊಳ್ಳುವುದು ಎಂದು ಹೇಳಬೇಕೆನ್ನಿಸಿತು. ಅಷ್ಟು ಇಂಗ್ಲಿಷ್ ಬರದೆ ಥ್ಯಾಂಕ್ಯೂ ಅಂದೆ.

ಬಿರ್ಗಿತ್‌ಳ ಮನೆ

ರೈಲಿನಲ್ಲಿ ಎರಡು ಗಂಟೆ. ಒಬ್ಬರೂ ಮಾತಾಡಲಿಲ್ಲ. ನಮ್ಮ ಕಡೆ ಇಷ್ಟು ಜನ ಇಷ್ಟು ಹೊತ್ತು ಸುಮ್ಮನೆ ಕೂರಬೇಕಾದರೆ ಯಾರಾದರೂ ಹೋಗಿರಬೇಕು. ಎಲ್ಲರೂ ಎರಡು ಸೀಟಿಗೆ ಒಬ್ಬರಂತೆ ಕೂತಿದ್ದರು. ನಾನು ಗೊತ್ತಿಲ್ಲದೆ ಒಬ್ಬರ ಪಕ್ಕ ಹೋಗಿ ಕೂತೆ, ಅವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದುಹೋದರು. ನನ್ನಿಂದಲೇ ಇಳಿದರೇನೋ ಎಂಬ ಯೋಚನೆ ಉಳಿದ ದಾರಿಗೆ ಸಾಕಾಯಿತು.

ಬಿರ್ಗಿತ್‌ಳ ಮನೆ ಕೆಂಪು ಬಣ್ಣ ಬಳಿದ ಮರದ ಮನೆ, ಕೆರೆಯ ದಂಡೆಯಲ್ಲಿ. ಬಾಗಿಲಲ್ಲೇ ಚಪ್ಪಲಿ ಬಿಡುವುದು ಅವರ ಪದ್ಧತಿ. ಸಾವಿರಾರು ಮೈಲಿ ಬಂದು ಹೊಸ್ತಿಲಲ್ಲಿ ಶೂ ಬಿಚ್ಚುವಾಗ ಮೊದಲ ಸಲ ಸ್ವಲ್ಪ ಉಸಿರು ಬಂತು. ಒಳಗೆ ಏಲಕ್ಕಿಯ ಘಮ. ಬನ್ನಿಗೆ ಏಲಕ್ಕಿ ಹಾಕುತ್ತಾರೆ. ಗಂಟೆಗೊಮ್ಮೆ ಕಾಫಿ, ಅದರ ಜೊತೆ ಆ ಬನ್ನು. ಅವಳ ಇನ್ನೊಂದು ಅಭ್ಯಾಸ ನನ್ನನ್ನು ಅರ್ಧ ದಿನ ಹೆದರಿಸಿತು. ಹೌದು ಎನ್ನಬೇಕಾದಾಗ ಅವಳು ಹೌದು ಎನ್ನುವುದಿಲ್ಲ, ಬಾಯಿಂದ ಗಕ್ಕನೆ ಉಸಿರು ಒಳಗೆಳೆದುಕೊಳ್ಳುತ್ತಾಳೆ. ನಾನು ಏನೋ ಕೆಟ್ಟದ್ದು ಮಾಡಿದೆ ಎಂದು ಪ್ರತಿ ಸಲ ಬೆಚ್ಚುತ್ತಿದ್ದೆ. ಆ ಕಡೆ ಹಲವರು ಒಪ್ಪಿಗೆ ಕೊಡುವುದು ಹಾಗೆಯೇ ಎಂದು ಆಮೇಲೆ ತಿಳಿಯಿತು.

ಅವಳು ಹದಿನೇಳನೆಯ ವಯಸ್ಸಿನಲ್ಲಿ ಸ್ಟೌವ್ ಮಾಡುವ ಕಾರ್ಖಾನೆಗೆ ಸೇರಿದವಳು. ಕೆಲಸ, ಪ್ರತಿ ಸ್ಟೌವಿಗೂ ಗಾಳಿ ತುಂಬಿಸಿ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡುವುದು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದಳಂತೆ. ನಿನ್ನದು ತೋರಿಸು ಎಂದಳು. ನಾನು ಪೆಟ್ಟಿಗೆ ತೆರೆದು ಬಟ್ಟೆಗಳನ್ನು ಸರಿಸಿದೆ.

ಒಳಗಿದ್ದದ್ದು ಪಂಚೆಯ ಗಂಟು.

ನಿದ್ದೆ ಬರುತ್ತಿದೆ, ನಾಳೆ ತೋರಿಸುತ್ತೇನೆ ಎಂದು ಏನೋ ಹೇಳಿ ಕೋಣೆಯ ಬಾಗಿಲು ಹಾಕಿಕೊಂಡು ಗಿರಿಜಳಿಗೆ ಫೋನ್ ಮಾಡಿದೆ. ನಾನು ಸ್ನಾನಕ್ಕೆ ಹೋದಾಗ ಅವಳೇ ಬದಲಾಯಿಸಿದ್ದಳು.

"ಅಷ್ಟು ಜೋಪಾನವಾಗಿ ಸುತ್ತಿಟ್ಟಿದ್ದು ಅದನ್ನೇ ಅಲ್ವೇನ್ರೀ? ಅದೇ ಒಳ್ಳೇದು ಅಂತ ಇಟ್ಟೆ. ನೀವು ಒಳ್ಳೇ ಶರ್ಟ್ ಬೀರುನಲ್ಲಿಟ್ಟು ಹಳೇದು ಹಾಕ್ಕೊಂಡು ಮದ್ವೆಗೆ ಹೋಗೋರು. ಅಷ್ಟು ದೂರಕ್ಕಾದ್ರೂ ಒಳ್ಳೇದು ತಗೊಂಡೋಗ್ಲಿ ಅಂತ."

ಅವಳ ಮೇಲೆ ಕೋಪ ಮಾಡುವ ಹಕ್ಕು ನನಗಿರಲಿಲ್ಲ. ಇಪ್ಪತ್ತಾರು ವರ್ಷ ಜೊತೆಯಲ್ಲಿ ಬಾಳಿದವಳಿಗೆ ನಾನು ಆ ಗಂಟಿನ ವಿಷಯ ಹೇಳಿರಲೇ ಇಲ್ಲ. ಹೇಳದೆ ಬಿಟ್ಟಿದ್ದನ್ನು ಇಲ್ಲಿ ಹೇಳುತ್ತೇನೆ.

ನಾವು ಗುಬ್ಬಿ ತಾಲ್ಲೂಕು ಸಿ.ಎಸ್. ಪುರದವರು. ಗುಬ್ಬಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸ್ಟೌವ್ ರಿಪೇರಿ ಅಂಗಡಿಯಿತ್ತು. ಶಾಲೆಯ ರಜಗಳಲ್ಲಿ ಅಲ್ಲಿ ಕೂತು ಕೂತು, ಹದಿನಾರನೆಯ ವಯಸ್ಸಿಗೆ ನನಗೆ ಎಲ್ಲ ಬರುತ್ತದೆ ಎಂಬ ಭ್ರಮೆ ಹತ್ತಿತ್ತು. ದೊಡ್ಡಪ್ಪನ ಮಗಳು ಶಾರದಕ್ಕನನ್ನು ಕುಣಿಗಲ್‌ಗೆ ಕೊಟ್ಟಿದ್ದರು. ಅವಳಿಗೆ ನಾಲ್ಕು ವರ್ಷದ ಮಗಳು, ಸವಿತಾ. ಒಂದು ಭಾನುವಾರ ಅವರ ಮನೆಗೆ ಹೋದಾಗ, ಸ್ಟೌವಿನ ಬರ್ನರ್ ಬುಡದಲ್ಲಿ ಎಣ್ಣೆ ಜಿನುಗುತ್ತದೆ ನೋಡೋ ಎಂದಳು. ಅಲ್ಲಿರಬೇಕಾದ ಸೀಸದ ವಾಷರ್ ಸವೆದುಹೋಗಿತ್ತು. ಹೊಸದು ನನ್ನ ಹತ್ತಿರ ಇರಲಿಲ್ಲ. ಅಕ್ಕ ಹೂ ಕಟ್ಟುತ್ತ ಕೂತಿದ್ದಳು. ಅವಳ ಕೈಯಿಂದ ಒಂದು ಮೊಳ ದಾರ ಇಸಿದುಕೊಂಡು, ಬಟ್ಟೆ ಸೋಪಿಗೆ ಉಜ್ಜಿ, ತಿರುಪಿನ ಸುತ್ತ ಬಿಗಿಯಾಗಿ ಸುತ್ತಿ ಬರ್ನರನ್ನು ಕೂರಿಸಿದೆ. ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿದೆ. ಮನೆಯಲ್ಲಿ ಸೀಮೆಎಣ್ಣೆ ಮುಗಿದಿತ್ತು, ಮಾರನೆಯ ದಿನ ಬರುವುದಿತ್ತು. ಹಾಗಾಗಿ ಹಚ್ಚಿ ನೋಡಲಿಲ್ಲ. ಸಂಜೆ ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಎಣ್ಣೆ ಬಂದ ಮೇಲೆ ಹಚ್ಕೋತೀನಿ ಬುಡು ಎಂದಳು.

ಸೋಮವಾರ ಎಣ್ಣೆ ಬಂತು. ಮಂಗಳವಾರ ಸ್ಟೌವ್ ಸಿಡಿಯಿತೆಂದು ಸುದ್ದಿ ಬಂತು.

ಅಕ್ಕ ಎರಡು ದಿನ ಬದುಕಿದ್ದಳು. ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ಸ್ಟೌವ್ ಸಿಡೀತು ಎಂದೇ ಹೇಳಿದಳು. ಯಾರು ರಿಪೇರಿ ಮಾಡಿದ್ದು ಎಂದು ಹೇಳಲಿಲ್ಲ. ನಾನು ವಾರ್ಡಿನ ಬಾಗಿಲಾಚೆ ಗೋಡೆಗೆ ಒರಗಿ ನಿಂತು ಅದನ್ನು ಕೇಳಿಸಿಕೊಂಡೆ. ನನ್ನನ್ನು ಕಾಪಾಡುತ್ತಿದ್ದಾಳೆ ಎಂದುಕೊಂಡೆ. ಮೂವತ್ತೈದು ವರ್ಷ ಹಾಗೆಯೇ ಅಂದುಕೊಂಡಿದ್ದೆ. ಸೀಸದ ಜಾಗದಲ್ಲಿ ದಾರ ಹಾಕಬಾರದು, ದಾರ ಸುಟ್ಟ ಕೂಡಲೇ ಎಣ್ಣೆ ಹೊರಗೆ ಚಿಮ್ಮುತ್ತದೆ ಎಂದು ನನಗೆ ತಿಳಿಯುವ ಹೊತ್ತಿಗೆ ನಾನೇ ಮೇಷ್ಟ್ರಾಗಿದ್ದೆ.

ಒಂಬತ್ತು ವರ್ಷದ ಹಿಂದೆ ಕುಣಿಗಲ್ಲಿನ ಆ ಮನೆಯ ಅಟ್ಟ ಖಾಲಿ ಮಾಡುವಾಗ ಸವಿತಾ ಆ ಸ್ಟೌವನ್ನು ತಂದುಕೊಟ್ಟಳು. "ಅಮ್ಮನ ಸ್ಟೌವು ಮಾವ. ಇವುನ್ನೆಲ್ಲ ಇಟ್ಕೊಳೋರು ನೀವು, ನೀವೇ ಇಟ್ಕೊಳಿ" ಎಂದಳು. ಆ ದಿನದ ನಂತರ ಅದನ್ನು ಯಾರೂ ಮುಟ್ಟಿಲ್ಲ, ಅಟ್ಟಕ್ಕೆ ಎಸೆದದ್ದು ಹಾಗೆಯೇ ಇತ್ತು ಎಂದಳು. ನಾನು ಅದರ ಕಡೆ ನೋಡಲೂ ಇಲ್ಲ. ಅಲ್ಲೇ ಪಂಚೆಯೊಂದನ್ನು ಇಸಿದುಕೊಂಡು ಸುತ್ತಿದೆ.

ತೊಟ್ಟಿ

ಕೂಟ ನಡೆದದ್ದು ಊರಿನ ಸಮುದಾಯ ಭವನದಲ್ಲಿ. ನಮ್ಮ ಮದುವೆ ಛತ್ರದಷ್ಟೇ ದೊಡ್ಡದು, ಗದ್ದಲ ಮಾತ್ರ ಇಲ್ಲ. ಉದ್ದದ ಮೇಜುಗಳ ಮೇಲೆ ಸಾಲಾಗಿ ಹಿತ್ತಾಳೆ. ಬಂದವರಲ್ಲಿ ಹೆಚ್ಚಿನವರು ನನ್ನಂಥವರೇ: ನಡುವಯಸ್ಸು ದಾಟಿದ ಗಂಡಸರು, ಉಗುರಿನಲ್ಲಿ ಕಪ್ಪು, ಮನೆಯಲ್ಲಿ ಬೈಯಿಸಿಕೊಂಡು ಬಂದ ಮುಖ. ಒಬ್ಬ ತನ್ನ ಅಜ್ಜ ಹಿಮದಲ್ಲಿ ಹೊತ್ತು ತಿರುಗಿದ ಸ್ಟೌವ್ ತಂದಿದ್ದ. ಇನ್ನೊಬ್ಬ ದೋಣಿಯಲ್ಲಿ ಮೀನು ಬೇಯಿಸಿದ್ದು. ಅವರ ಎಲ್ಲ ಸ್ಟೌವುಗಳಿಗೂ ಬಯಲು, ಬೆಟ್ಟ, ಸಮುದ್ರದ ಕಥೆಗಳು. ಅಡುಗೆಕೋಣೆಯ ಮೂಲೆಯಲ್ಲೇ ಆಯುಷ್ಯ ಕಳೆದ ಸ್ಟೌವ್ ಅಲ್ಲಿ ನನ್ನದೊಂದೇ.

ಅಲ್ಲಿ ಒಂದು ಕಟ್ಟುನಿಟ್ಟು. ಬಿರ್ಗಿತ್‌ಳ ತೊಟ್ಟಿಯಲ್ಲಿ ಮುಳುಗಿ ಏಳದ ಯಾವ ಸ್ಟೌವಿಗೂ ಬೆಂಕಿ ತೋರಿಸುವಂತಿಲ್ಲ. ನನ್ನದನ್ನು ಹಚ್ಚುವುದಿಲ್ಲ, ನೋಡಲು ಮಾತ್ರ ತಂದದ್ದು ಎಂದು ಮೂರು ಸಲ ಹೇಳಿದೆ. ಅವಳು ಮೂರು ಸಲವೂ ಗಕ್ಕನೆ ಉಸಿರೆಳೆದುಕೊಂಡು ಒಪ್ಪಿ, ಸ್ಟೌವನ್ನು ಕೈಗೆತ್ತಿಕೊಂಡಳು. ಬೇಡ ಎಂದು ಗಟ್ಟಿಯಾಗಿ ಹೇಳುವುದು ನನಗೆ ಕನ್ನಡದಲ್ಲೇ ಬರುವುದಿಲ್ಲ. ಪಕ್ಕದಲ್ಲಿ ನಿಂತೆ.

ಪಂಚೆ ಬಿಚ್ಚಿದಾಗ ನಾನು ಸೂರು ನೋಡುತ್ತಿದ್ದೆ. ಆಮೇಲೆ ನೋಡಿದೆ. ಹಿತ್ತಾಳೆ ಕಂದು ತಿರುಗಿತ್ತು. ಅಷ್ಟೇ. ಬಾಯಿ ಬಿಟ್ಟ ಬಿರುಕು, ಸೀಳಿದ ತಳ, ನನ್ನ ಮನಸ್ಸಿನಲ್ಲಿ ಮೂವತ್ತೈದು ವರ್ಷ ಇದ್ದ ಆ ಸ್ಟೌವು ಅದಾಗಿರಲಿಲ್ಲ.

ಅವಳು ತಳ ಮೇಲೆ ಮಾಡಿ ಹೆಬ್ಬೆರಳಿನಿಂದ ಸವರಿದಳು. ಪಂಪಿನ ಚರ್ಮ ಒಣಗಿ ಕೊರಡಾಗಿತ್ತು. ಅದಕ್ಕೆ ಎಣ್ಣೆ ಬಿಟ್ಟು, ಒಂದು ಕಾಫಿ ಕುಡಿಯುವಷ್ಟು ಹೊತ್ತು ನೆನೆಯಲು ಇಟ್ಟಳು. ನಿಜವಾಗಿಯೂ ಕಾಫಿ ಕುಡಿದಳು. ನನಗೂ ಕೊಟ್ಟಳು, ಬನ್ನಿನ ಜೊತೆ. ನಂತರ ಭೂತಗನ್ನಡಿ ಹಿಡಿದು ಬರ್ನರ್ ಬುಡದ ಬಟ್ಟಲನ್ನು ನೋಡತೊಡಗಿದಳು. ಪಂಪ್ ಸ್ಟೌವ್ ಹಚ್ಚಿದವರಿಗೆ ಆ ಬಟ್ಟಲು ಗೊತ್ತಿರುತ್ತದೆ. ಮೊದಲು ಅದರಲ್ಲಿ ಸ್ವಲ್ಪ ಎಣ್ಣೆಯೋ ಸ್ಪಿರಿಟ್ಟೋ ಸುರಿದು ಬೆಂಕಿ ಹಚ್ಚಿ, ಬರ್ನರ್ ಕಾದ ಮೇಲೆಯೇ ಪಂಪ್ ಹೊಡೆಯಬೇಕು. ಬಟ್ಟಲಲ್ಲಿ ಬೆಂಕಿ ಹತ್ತದೆ ಸ್ಟೌವ್ ಹತ್ತುವುದಿಲ್ಲ.

ಯಾರು ಈ ದಾರ ಹಾಕಿದ್ದು ಎಂದು ಕೇಳಿದಳು. ನಾನು ಎಂದೆ. ಆಗ ನನಗೆ ಹದಿನಾರು ವರ್ಷ ಎಂದೂ ಸೇರಿಸಿದೆ.

ತಪ್ಪು ಕೆಲಸ ಎಂದಳು. ಗೊತ್ತು ಎಂದೆ.

ಕನ್ನಡಿಯನ್ನು ನನ್ನ ಕೈಗೆ ಕೊಟ್ಟಳು. ತಿರುಪಿನ ಸಂದಿಯಿಂದ ದಾರದ ತುದಿ ಹೊರಗೆ ಬಂದು ಬಟ್ಟಲಿನೊಳಕ್ಕೆ ಇಳಿಬಿದ್ದಿತ್ತು. ಬಸ್ಸಿನ ಆತುರದಲ್ಲಿ ಅದನ್ನು ಕತ್ತರಿಸಿರಲಿಲ್ಲ. ಹಳದಿಗಟ್ಟಿ, ಧೂಳು ಹಿಡಿದಿತ್ತು. ಒಂದು ಎಳೆಯೂ ಸುಟ್ಟಿರಲಿಲ್ಲ. ಬಟ್ಟಲಿನಲ್ಲಿ ಮಸಿಯಿರಲಿಲ್ಲ.

"ದಾರ ಹಾಕಿದ ಮೇಲೆ ಇದನ್ನು ಒಮ್ಮೆಯೂ ಹಚ್ಚಿಲ್ಲ" ಎಂದಳು.

ಹಚ್ಚಿದ್ದರು, ಎರಡು ದಿನದ ನಂತರ ಹಚ್ಚಿದಾಗಲೇ ಸಿಡಿಯಿತು ಎಂದೆ. ಅವಳು ನನ್ನ ಮುಖ ನೋಡಿ, ಬರ್ನರಿನ ಸಣ್ಣ ರಂಧ್ರಕ್ಕೆ ಬಿರಡೆ ಹಾಕಿ, ಪಂಪ್ ಹೊಡೆದು, ಸ್ಟೌವನ್ನು ತೊಟ್ಟಿಯಲ್ಲಿ ಮುಳುಗಿಸಿದಳು. ಎರಡು ಕೈಯಲ್ಲೂ ಹಿಡಿದಿದ್ದಳು, ಮಗುವಿಗೆ ನೀರು ಹಾಕುವಾಗ ಹಿಡಿದಂತೆ. ಸುತ್ತ ನಾಲ್ಕೈದು ಜನ ಬಂದು ನಿಂತರು. ದಾರ ಸುತ್ತಿದ ಜಾಗದಿಂದ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಮೇಲೆ ಬಂದವು. ಬೇರೆ ಎಲ್ಲಿಂದಲೂ ಬರಲಿಲ್ಲ. ತಳದಿಂದಿಲ್ಲ, ಬೆಸುಗೆಯಿಂದಿಲ್ಲ, ಮುಚ್ಚಳದಿಂದಿಲ್ಲ.

ಸ್ಟೌವನ್ನು ಮೇಲೆತ್ತಿ ಒರೆಸುತ್ತ ಅವಳು ಹೇಳಿದ್ದರ ಸಾರಾಂಶ ಇದು: ಹಚ್ಚಿದ್ದರೆ ನನ್ನ ದಾರ ಖಂಡಿತ ಅಪಾಯ ತರುತ್ತಿತ್ತು. ಹಚ್ಚಲಿಲ್ಲ. ಒಳಗೆ ಒತ್ತಡ ಹೆಚ್ಚಾಗಿ ಸಿಡಿದ ಸ್ಟೌವಿನ ತಳ ಉಬ್ಬಿರುತ್ತದೆ, ಇದರದು ಸಪಾಟಾಗಿದೆ. ಇದರಿಂದ ಯಾರಿಗೂ ಏನೂ ಆಗಿಲ್ಲ. ನೀನು ಖಂಡಿತವಾಗಿ ಹೇಳುತ್ತಿದ್ದೀಯಾ ಎಂದು ಕೇಳಿದೆ. ಅವಳು ಗಕ್ಕನೆ ಉಸಿರು ಒಳಗೆಳೆದುಕೊಂಡಳು.

ಕೆರೆಯ ದಂಡೆ

ಪರೀಕ್ಷೆಯಲ್ಲಿ ಫೇಲಾಗಿ ಕೇಸಿನಲ್ಲಿ ಬಿಡುಗಡೆಯಾದವನ ಹಾಗೆ ಹೊರಗೆ ಬಂದೆ. ಕೆರೆಯ ಪಕ್ಕ ಒಂದು ಬೆಂಚು. ಆ ಊರಿನ ಕೆರೆಯಲ್ಲಿ ಬಟ್ಟೆ ಒಗೆಯುವವರಿಲ್ಲ, ಎಮ್ಮೆಗಳಿಲ್ಲ, ನೀರನ್ನು ಸುಮ್ಮನೆ ನೋಡಲು ಇಟ್ಟಿದ್ದಾರೆ. ನಾನೂ ನೋಡಿದೆ.

ಮೊದಲು ಬಂದದ್ದು ಹಗುರ. ಅದನ್ನು ಮುಚ್ಚಿಡುವುದಿಲ್ಲ. ನಾನಲ್ಲ, ನಾನಲ್ಲ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ಹತ್ತು ನಿಮಿಷ ಹಾಗೆ ಇದ್ದಿರಬೇಕು. ಆಮೇಲೆ ಉಳಿದದ್ದು ತಲೆಗೆ ಹತ್ತಿತು. ಸೋಮವಾರ ಎಣ್ಣೆ ಬಂದಿತ್ತು. ಸ್ಟೌವ್ ಹಚ್ಚಿರಲಿಲ್ಲ. ಮಂಗಳವಾರ ಅಕ್ಕ ಸುಟ್ಟುಹೋಗಿದ್ದಳು.

ಅವಳೇ ಸುರಿದುಕೊಂಡಳೋ, ಬೇರೆ ಕೈಯೋ, ದಾರಕ್ಕೆ ಅದು ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಆದರೆ ಸ್ಟೌವ್ ಸಿಡೀತು ಎಂಬ ಅವಳ ಮಾತು ನನ್ನನ್ನು ಉಳಿಸಲು ಹೇಳಿದ್ದಲ್ಲ. ನನ್ನ ನೆನಪೂ ಅವಳಿಗೆ ಇದ್ದಿರಲಾರದು. ನಾಲ್ಕು ವರ್ಷದ ಮಗು ಅದೇ ಮನೆಯಲ್ಲಿ, ಅದೇ ಜನರ ಕೈಯಲ್ಲಿ ಬೆಳೆಯಬೇಕಿತ್ತು. ಅದಕ್ಕೆ ಹೇಳಿದ ಮಾತು. ಆ ಮಾತನ್ನು ನಾನು ಮೂವತ್ತೈದು ವರ್ಷ ನನ್ನದು ಮಾಡಿಕೊಂಡು, ಅದರ ಮೇಲೆ ಕೂತು, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಹೆದರಿಕೊಂಡು ಬದುಕಿದ್ದೆ.

ಬಿರ್ಗಿತ್ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ನಡುವೆ ಇಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಳು. ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಸಮಾಧಾನ ಹೇಳುವುದು ಅವರ ಪದ್ಧತಿಯಲ್ಲವೇನೋ, ಹೇಳಲಿಲ್ಲ. ಆ ಹುಡುಗಿ ಇದ್ದಾಳೆಯೇ ಎಂದು ಕೇಳಿದಳು. ಇದ್ದಾಳೆ, ಮೂವತ್ತೊಂಬತ್ತು ವರ್ಷ, ಟೀಚರ್ ಎಂದೆ. ಹಾಗಾದರೆ ಈ ದಾರವನ್ನು ಬಿಚ್ಚಬೇಡ ಎಂದಳು.

ಸಿ.ಎಸ್. ಪುರ

ಊರಿಗೆ ಬಂದು ಆರು ದಿನ ಯಾರಿಗೂ ಹೇಳಲಿಲ್ಲ. ಏಳನೆಯ ದಿನ ಗಿರಿಜಳಿಗೆ ಹೇಳಿದೆ. ಅವಳು ಸ್ಟೌವನ್ನು ನೋಡಿ, ಇದನ್ನು ಪೆಟ್ಟಿಗೆಗೆ ಹಾಕಿದ ಕೈ ನನ್ನದು, ಇನ್ನು ನೀವು ಇದನ್ನು ಅಟ್ಟಕ್ಕೆ ಹಾಕುವ ಹಾಗಿಲ್ಲ ಎಂದ ಹಾಗೆ ಏನೋ ಹೇಳಿದಳು. ಸವಿತಾಗೆ ಹೇಳಬೇಕೋ ಬೇಡವೋ ನನ್ನ ಅಣ್ಣನನ್ನು ಕೇಳಿ ಬರುತ್ತೇನೆ ಎಂದು ಗುಬ್ಬಿ ಬಸ್ಸು ಹತ್ತಿದೆ. ಗುಬ್ಬಿಯಲ್ಲಿ ಇಳಿದು ಬಸ್ ಬದಲಾಯಿಸುವಾಗ ಆ ರಿಪೇರಿ ಅಂಗಡಿಯ ಜಾಗದಲ್ಲಿ ಫೋನಿಗೆ ಗಾಜು ಅಂಟಿಸುವ ಅಂಗಡಿ ಕಂಡಿತು.

ಅಣ್ಣ ಊರಿನಲ್ಲೇ ಇದ್ದಾನೆ, ತೋಟ ನೋಡಿಕೊಂಡು. ಪೂರ್ತಿ ಕೇಳಿದ. ಅವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಬುಡು, ಮೂವತ್ತೈದು ವರ್ಷದ ಮಾತು. ಆವತ್ತೇ ನಾವ್ಯಾರೂ ಕೇಳ್ನಿಲ್ಲ. ಈಗ ಭಾವ ಲಕ್ವ ಹೊಡ್ದು ಮಲಗವ್ನೆ, ಮಾತಿಲ್ಲ. ಆ ಹೆಣ್ಮಗಳೇ ಅವ್ನ ಬಾಯ್ಗೆ ಅನ್ನ ಇಕ್ತಾವ್ಳೆ. ನೀನೋಗಿ ಇದ್ನೇಳುದ್ರೆ ನಾಳೆಯಿಂದ ಆ ಅನ್ನ ಹೆಂಗ್ಲಾ ಇಕ್ತಾಳೆ ಅವ್ಳು?"

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ, ಹೇಳದಿರಲು ಇನ್ನೊಂದು ಒಳ್ಳೆಯ ಕಾರಣ ಸಿಕ್ಕಿತಲ್ಲ ಎಂದು ನನಗೆ ಒಳಗೊಳಗೇ ಸಂತೋಷವಾಗುತ್ತಿತ್ತು. ಆ ಸಂತೋಷ ಕಂಡು ನಾಚಿಕೆಯಾಯಿತು. ಭಾನುವಾರ ಬೆಳಿಗ್ಗೆ ಸ್ಟೌವನ್ನು ಬಟ್ಟೆ ಸುತ್ತದೆ ಒಂದು ಚೀಲದಲ್ಲಿಟ್ಟುಕೊಂಡು ಹೊರಟೆ.

ಕುಣಿಗಲ್

ಸವಿತಾ ಹೊರಗಿನ ಜಗಲಿಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಳು. ಒಳಗಿನ ಕೋಣೆಯಲ್ಲಿ ಟಿ.ವಿ. ಓಡುತ್ತಿತ್ತು. ಅಪ್ಪನಿಗೆ ಮಾತು ಹೋಗಿದೆ, ಕಿವಿ ಚೆನ್ನಾಗಿದೆ, ಅದಕ್ಕೇ ಇಡೀ ದಿನ ಹಾಕಿರುತ್ತೇನೆ ಎಂದು ಅವಳು ಹಿಂದೊಮ್ಮೆ ಹೇಳಿದ್ದಳು. ಫಾರಿನ್ ಹೇಗಿತ್ತು ಮಾವ ಎಂದು ನಗುತ್ತ ಎದ್ದವಳು ಚೀಲದೊಳಗಿನದನ್ನು ಕಂಡು ಮತ್ತೆ ಕೂತಳು.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಎಲ್ಲ ಮರೆತುಹೋಯಿತು. ಇದನ್ನು ರಿಪೇರಿ ಮಾಡಿದ್ದು ನಾನು ಎಂದು ಶುರು ಮಾಡಿದೆ. ದಾರ, ಬಸ್ಸು, ವಾರ್ಡಿನ ಬಾಗಿಲು, ಅಟ್ಟ. ಹೇಳುತ್ತ ಹೇಳುತ್ತ ಮತ್ತೆ ನನ್ನ ವಿಷಯವನ್ನೇ ಹೇಳುತ್ತಿದ್ದೇನೆ ಎನ್ನಿಸಿ ನಿಲ್ಲಿಸಿದೆ. ದಾರದ ತುದಿ ತೋರಿಸಿದೆ. ಬಟ್ಟಲು ತೋರಿಸಿದೆ. ಇದು ಸುಟ್ಟಿಲ್ಲ, ಅಂದರೆ ಆ ದಿನ ಹಚ್ಚೇ ಇಲ್ಲ ಎಂದೆ.

ಅವಳು ಬೆರಳು ಚಾಚಿ ಆ ದಾರವನ್ನು ಮುಟ್ಟಲು ಹೋಗಿ, ಮುಟ್ಟದೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ನಂಗೊತ್ತು ಮಾವ" ಎಂದಳು. "ಆವತ್ತು ಬೆಳಿಗ್ಗೆ ಅದು ಗೂಡಲ್ಲಿತ್ತು. ಅದ್ರ ಮೇಲೆ ನನ್ನ ಸೀಬೆಹಣ್ಣು ಇಟ್ಟಿದ್ದೆ. ಎಲ್ಲಾ ಆದ್ಮೇಲೆ ಬಂದು ನೋಡಿದ್ರೂ ಸೀಬೆಹಣ್ಣು ಅಲ್ಲೇ ಇತ್ತು. ಹೇಳ್ದೆ. ನಾಲ್ಕು ವರ್ಷದ ಮಗು, ಕನಸು ಕಂಡವ್ಳೆ ಅಂದ್ರು. ಹೇಳಿ ಹೇಳಿ ನಂಗೂ ಕನಸೇ ಇರ್ಬೇಕು ಅನ್ಸೋಯ್ತು."

ನಾನು ಸ್ಟೌವನ್ನು ಜಗಲಿಯ ಮೇಲೆ ಇಟ್ಟೆ.

"ನಿಮಗ್ಯಾಕೆ ಕೊಟ್ಟೆ ಅನ್ಕೊಂಡ್ರಿ ಇದನ್ನ? ಸ್ಟೌವ್ ಗೊತ್ತಿರೋರು ನೀವೊಬ್ರೇ. ಬಿಚ್ಚಿ ನೋಡ್ತೀರ, ನೋಡಿದ್ರೆ ತಿಳಿಯುತ್ತೆ, ತಿಳಿದ್ರೆ ಬಂದು ಹೇಳ್ತೀರ ಅಂತ. ಒಂಬತ್ತು ವರ್ಷ ಮಾವ. ನೀವು ಬರೋರು, ಕಾಫಿ ಕುಡಿಯೋರು, ಹೊರಟೋಗೋರು. ಬಿಚ್ಚಿ ನೋಡಿ ಏನೂ ಕಾಣ್ದೆ ಸುಮ್ನಿದಾರೆ, ಕನಸೇ ಇರ್ಬೇಕು ಅಂತ ನಾನು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸ್ವಲ್ಪ ಸುಲಭವಾಗುತ್ತಿತ್ತು. ಕ್ಷಮಿಸು ಎಂದೆನೋ ಇಲ್ಲವೋ ನೆನಪಿಲ್ಲ. ಅಣ್ಣ ಹೇಳಿದ ಅನ್ನದ ಮಾತು ಮಾತ್ರ ನೆನಪಾಗಿ, ಅಪ್ಪನನ್ನು ನೀನೇ ನೋಡಿಕೊಳ್ಳಬೇಕಲ್ಲ, ಇದನ್ನು ನಾನು ಹೇಳಬಾರದಿತ್ತೇನೋ ಎಂದು ತೊದಲಿದೆ. ನೋಡಿಕೊಳ್ಳುತ್ತೇನೆ, ಇಷ್ಟು ದಿನವೂ ಗೊತ್ತಿದ್ದೇ ನೋಡಿಕೊಂಡೆ ಎಂದು ಅವಳು ಪೆನ್ನಿನ ಮುಚ್ಚಳ ಹಾಕಿ, ಪತ್ರಿಕೆಗಳನ್ನು ಕೂಡಿಸಿಟ್ಟು ಎದ್ದಳು. ಒಳಗೆ ಬನ್ನಿ ಎಂದಳು.

ಭಾವ ದಿಂಬಿಗೆ ಒರಗಿ ಟಿ.ವಿ. ನೋಡುತ್ತಿದ್ದರು. ಒಂದು ಕಡೆಯ ಮುಖ ಜೋತುಬಿದ್ದಿತ್ತು. ಸವಿತಾ ಸ್ಟೌವನ್ನು ಅವರ ಕಾಲ ಬಳಿಯ ಸ್ಟೂಲಿನ ಮೇಲಿಟ್ಟು, ದಿಂಬು ಸರಿಮಾಡಿ, ನನ್ನ ಪಕ್ಕ ಬಂದು ನಿಂತಳು.

"ಆಚೆ ನಂಗೆ ಹೇಳಿದ್ರಲ್ಲ ಮಾವ, ಅದನ್ನ ಇಲ್ಲಿ ಹೇಳಿ."

ಇದು ಅಕ್ಕನ ಸ್ಟೌವು, ಇದು ಸಿಡಿದಿಲ್ಲ, ಆ ದಿನ ಇದನ್ನು ಹಚ್ಚಿಯೇ ಇಲ್ಲ ಎಂದೆ. ನನ್ನ ದನಿ ಟಿ.ವಿ.ಯ ಸದ್ದಿನಲ್ಲಿ ಎಲ್ಲೋ ಹೋಯಿತು. ಭಾವ ಟಿ.ವಿ.ಯಿಂದ ಕಣ್ಣು ತೆಗೆಯಲಿಲ್ಲ.

ಸವಿತಾ ಹಾಸಿಗೆಯ ಮೇಲಿದ್ದ ರಿಮೋಟ್ ತೆಗೆದುಕೊಂಡು ಟಿ.ವಿ. ಆರಿಸಿದಳು.

"ಇನ್ನೊಂದ್ಸಲ ಹೇಳಿ ಮಾವ" ಎಂದಳು.

ಹೇಳಿದೆ.